ಚರ್ಮ ಸೀಳಿ ಹೊರಬಂದ ಮೂಳೆಗೆ ರಾಡೋ, ಪ್ಲೇಟೋ, ಹೊರಗಿನ ಕಂಬಿಯೋ?

ಪ್ರಶ್ನೆ: ನನ್ನ ತಮ್ಮನಿಗೆ 31 ವರ್ಷ. ಆರು ದಿನದ ಹಿಂದೆ ಬೈಕ್‌ನಿಂದ ಬಿದ್ದು ಮಂಡಿಯ ಕೆಳಗೆ ಎರಡೂ ಮೂಳೆ ಮುರಿದವು. ದೊಡ್ಡ ಮೂಳೆ ಚರ್ಮ ಸೀಳಿಕೊಂಡು ಹೊರಬಂದಿತ್ತು. ಅದೇ ರಾತ್ರಿ ಗಾಯ ತೊಳೆದು, ಕಾಲಿನ ಹೊರಗೆ ಕಂಬಿ ಹಾಕಿ, ಹೊಲಿಗೆ ಹಾಕದೆ ಹಾಗೇ ಬಿಟ್ಟರು. ಮೂರನೇ ದಿನ ಮತ್ತೆ ತೊಳೆದು, ಮೀನಖಂಡದ ಮಾಂಸ ತಿರುಗಿಸಿ ಗಾಯ ಮುಚ್ಚಿದ್ದಾರೆ. ಮುಂದಿನ ವಾರ ಕಂಬಿ ತೆಗೆದು ಒಳಗೆ ರಾಡ್ ಹಾಕುತ್ತಾರಂತೆ. ನಮ್ಮ ಚಿಕ್ಕಪ್ಪನ ಮಗನಿಗೆ ಇದೇ ಮೂಳೆ ಮುರಿದಾಗ ಅವತ್ತೇ ರಾಡ್ ಹಾಕಿ, ಮರುದಿನವೇ ವಾಕರ್ ಹಿಡಿಸಿ ನಡೆಸಿದ್ದರು. ಇನ್ನೊಬ್ಬ ಡಾಕ್ಟರು ಪ್ಲೇಟ್ ಹಾಕಬಹುದಿತ್ತು ಅನ್ನುತ್ತಾರೆ. ಈ ಮೂರರಲ್ಲಿ ಯಾವುದು ಒಳ್ಳೆಯದು? ಮೊದಲ ದಿನವೇ ರಾಡ್ ಹಾಕದೆ ತಪ್ಪು ಮಾಡಿದರಾ?

ಉತ್ತರ: ತಪ್ಪು ಮಾಡಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ನೀವು ಬರೆದ ಕ್ರಮ ನೋಡಿದರೆ ಸರಿಯಾದ ದಾರಿಯಲ್ಲೇ ಹೋಗುತ್ತಿದ್ದಾರೆ. ನಿಮ್ಮ ಪ್ರಶ್ನೆಯನ್ನು ಮಾತ್ರ ನಾನು ಸ್ವಲ್ಪ ತಿರುಗಿಸಬೇಕು. ಮನೆಯವರೆಲ್ಲ ಕೇಳುವುದು "ಯಾವ ಲೋಹ ಹಾಕ್ತೀರಿ?" ಅಂತ. ನಾವು ಥಿಯೇಟರ್‌ನಲ್ಲಿ ಮೊದಲು ನೋಡುವುದು ಮೂಳೆಯ ಸುತ್ತ ಇರುವ ಮಾಂಸವನ್ನು. ಯಾವ ಲೋಹ ಅನ್ನುವುದು ಅದನ್ನು ನೋಡಿದ ಮೇಲೆ ತೀರ್ಮಾನವಾಗುತ್ತದೆ.

ನಿಮ್ಮದೇ ಕಾಲನ್ನು ಒಮ್ಮೆ ಮುಟ್ಟಿ ನೋಡಿ. ಮಂಡಿಯ ಕೆಳಗೆ, ಮುಂಭಾಗದ ಒಳಬದಿಯಲ್ಲಿ ಬೆರಳನ್ನು ಮೇಲಿಂದ ಕೆಳಕ್ಕೆ ಎಳೆಯಿರಿ. ಉದ್ದಕ್ಕೂ ಮೂಳೆಯೇ ಸಿಗುತ್ತದೆ, ಅಲ್ವಾ? ಅದೇ ಟಿಬಿಯಾ. ಅಲ್ಲಿ ಮೂಳೆಗೂ ಚರ್ಮಕ್ಕೂ ನಡುವೆ ಮಾಂಸವೇ ಇಲ್ಲ. ಮಂಚದ ಕಾಲಿಗೆ ತಾಗಿದಾಗ ಜೀವ ಬಾಯಿಗೆ ಬರುವುದೂ ಅದಕ್ಕೇ. ತೊಡೆ ಮೂಳೆ ಮುರಿದರೆ ಸುತ್ತ ದಪ್ಪ ಮಾಂಸದ ಹೊದಿಕೆ ಇರುತ್ತದೆ. ಟಿಬಿಯಾಗೆ ಆ ಭಾಗ್ಯವಿಲ್ಲ. ದೇಹದ ಉದ್ದ ಮೂಳೆಗಳಲ್ಲಿ ಮುರಿದಾಗ ಚರ್ಮ ಸೀಳಿಕೊಂಡು ಹೊರಬರುವುದು ಜಾಸ್ತಿ ಇದೇ. ಮುರಿದ ಮೇಲೆ ಕೂಡಿಕೊಳ್ಳಲು ಸತಾಯಿಸುವುದೂ ಇದೇ.

ಮೂಳೆಗೆ ರಕ್ತ ಎರಡು ಕಡೆಯಿಂದ ಬರುತ್ತದೆ. ಒಳಗಿನ ಮಜ್ಜೆಯ ಕೊಳವೆಯಲ್ಲಿ ಹರಿಯುವ ರಕ್ತನಾಳ ಮೂಳೆ ಗೋಡೆಯ ಒಳಗಿನ ಸುಮಾರು ಮೂರನೇ ಎರಡು ಭಾಗವನ್ನು ಸಾಕುತ್ತದೆ. ಹೊರಗಿನ ಉಳಿದ ಭಾಗಕ್ಕೆ ಮೂಳೆಯ ಮೇಲಿನ ತೆಳು ಪೊರೆ ಮತ್ತು ಅಂಟಿಕೊಂಡ ಮಾಂಸದಿಂದ ರಕ್ತ ಬರುತ್ತದೆ. ಮೂಳೆ ಮುರಿದಾಗ ಒಳಗಿನ ನಾಳ ಹರಿಯುತ್ತದೆ. ಜೋರಾದ ಪೆಟ್ಟಿಗೆ ಮೇಲಿನ ಪೊರೆಯೂ ಸುಲಿದು ಹೋಗುತ್ತದೆ. ಅಂದರೆ ಎರಡೂ ಕಡೆಯ ನಲ್ಲಿ ಬಂದ್. ಈಗ ನಾವು ಹಾಕುವ ಲೋಹ ಉಳಿದಿರುವ ಚೂರುಪಾರು ರಕ್ತವನ್ನು ಎಷ್ಟು ಕೆಡಿಸುತ್ತದೆ ಅನ್ನುವುದೇ ಲೆಕ್ಕ.

ಪ್ಲೇಟ್ ಕೂರಿಸಬೇಕಾದರೆ ಮೂಳೆಯ ಹೊರಮೈ ಬಿಡಿಸಬೇಕು. ಅಂದರೆ ಮೊದಲೇ ಸುಲಿದ ಪೊರೆಯನ್ನು ಇನ್ನಷ್ಟು ಸುಲಿದ ಹಾಗೆ. ಮೇಲೆ ಮುಚ್ಚಲು ಮಾಂಸವಿಲ್ಲ, ಬರೀ ಚರ್ಮ. ನಾನು ಕಲಿಯುತ್ತಿದ್ದ ದಿನಗಳಲ್ಲಿ ಇದನ್ನು ಕಣ್ಣಾರೆ ಕಂಡೆ. ಒಬ್ಬರಿಗೆ ಪ್ಲೇಟ್ ಹಾಕಿ, ಊದಿದ ಚರ್ಮವನ್ನು ಎಳೆದು ಬಿಗಿಯಾಗಿ ಹೊಲಿದಿದ್ದೆವು. ನಾನೂ ಗಂಟು ಹಾಕಿದವನೇ. ಎಕ್ಸ್‌ರೇ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಎಲ್ಲರಿಗೂ ತೋರಿಸಿದೆವು. ಐದನೇ ದಿನ ಬ್ಯಾಂಡೇಜ್ ಬಿಚ್ಚಿದಾಗ ಹೊಲಿಗೆಯ ಅಂಚು ಕಪ್ಪಾಗಿತ್ತು. ಹತ್ತನೇ ದಿನ ಆ ಕಪ್ಪು ಚರ್ಮ ಉದುರಿ, ಒಳಗೆ ಪ್ಲೇಟ್ ಹೊಳೆಯುತ್ತಿತ್ತು. ಮೂರು ಸ್ಕ್ರೂ ತಲೆಗಳನ್ನು ಎಣಿಸಬಹುದಿತ್ತು. ಆಮೇಲಿನ ಎಂಟು ತಿಂಗಳನ್ನು ಆ ಮನುಷ್ಯ ಆಸ್ಪತ್ರೆಗೆ ಓಡಾಡುತ್ತಲೇ ಕಳೆದರು.

ಇದು ನನ್ನೊಬ್ಬನ ಅನುಭವ ಅಲ್ಲ. 1989ರಲ್ಲೇ ಇಂಥ ಗಂಭೀರ ಗಾಯಗಳಲ್ಲಿ ಪ್ಲೇಟನ್ನೂ ಹೊರಗಿನ ಕಂಬಿಯನ್ನೂ ನೇರವಾಗಿ ಹೋಲಿಸಿ ನೋಡಿದ್ದರು. ಮೂಳೆಗೆ ಕೀವು ಹಿಡಿಯುವುದು ಪ್ಲೇಟ್ ಹಾಕಿದವರಲ್ಲೇ ಜಾಸ್ತಿ ಕಂಡಿತು. ಹಾಗಂತ ಪ್ಲೇಟ್ ಕೆಟ್ಟದ್ದು ಅಂತಲ್ಲ. ಮಂಡಿಗೆ ಅಥವಾ ಹಿಮ್ಮಡಿ ಕೀಲಿಗೆ ತೀರಾ ಹತ್ತಿರ ಮುರಿದಾಗ, ಮುರಿತ ಕೀಲಿನ ಒಳಗೇ ಹೋದಾಗ, ಪ್ಲೇಟೇ ಬೇಕಾಗುತ್ತದೆ. ಕೀಲಿನ ಮೇಲ್ಮೈಯನ್ನು ಮಟ್ಟಸವಾಗಿ ಜೋಡಿಸಲು ರಾಡ್‌ಗೆ ಬರುವುದಿಲ್ಲ. ಈಗ ಸಣ್ಣ ಸೀಳಿನಿಂದ ಪ್ಲೇಟನ್ನು ಮಾಂಸದ ಅಡಿಯಲ್ಲಿ ತೂರಿಸುವ ವಿಧಾನವೂ ಇದೆ, ಪೊರೆ ಅಷ್ಟಾಗಿ ಸುಲಿಯುವುದಿಲ್ಲ. ಆದರೆ ನಿಮ್ಮ ತಮ್ಮನಿಗೆ ಮೀನಖಂಡದ ಮಾಂಸ ತಿರುಗಿಸಿ ಮುಚ್ಚಿದ್ದಾರೆ ಅಂದರೆ ಅಲ್ಲಿ ಚರ್ಮ ಸಾಲದಷ್ಟು ಗಾಯವಾಗಿದೆ. ಅಂಥ ಕಡೆ, ಮೂಳೆಯ ನಡುಭಾಗ ಮುರಿದಿದ್ದರೆ, ನಾನು ಪ್ಲೇಟ್ ಹಾಕುವುದಿಲ್ಲ.

ಇನ್ನು ರಾಡ್. ನಾವು ನೈಲ್ ಅನ್ನುತ್ತೇವೆ. ಮಂಡಿಯ ಹತ್ತಿರದಿಂದ ಮಜ್ಜೆಯ ಕೊಳವೆಯೊಳಗೆ ಇಳಿಸಿ, ಮೇಲೆ ಕೆಳಗೆ ಅಡ್ಡ ಸ್ಕ್ರೂ ಹಾಕಿ ಬಿಗಿಯುತ್ತೇವೆ. ಮುರಿದ ಜಾಗವನ್ನು ತೆರೆಯುವ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ. ಹೊರಗಿನ ಪೊರೆ ಇದ್ದ ಹಾಗೇ ಇರುತ್ತದೆ. ರಾಡ್ ಮೂಳೆಯ ನಟ್ಟನಡುವೆ ಇರುವುದರಿಂದ ಭಾರವನ್ನು ಮೂಳೆಯ ಜೊತೆ ಹಂಚಿಕೊಳ್ಳುತ್ತದೆ. ಕಾಲು ಬೇಗ ಊರಬಹುದು, ಸೊಟ್ಟ ಕೂಡುವ ಭಯ ಕಡಿಮೆ. ಮೂಳೆಯ ನಡುಭಾಗ ಮುರಿದು ಗಾಯ ಚಿಕ್ಕದಿದ್ದರೆ, ಇವತ್ತು ಹೆಚ್ಚಿನ ಸರ್ಜನ್‌ಗಳ ಮೊದಲ ಆಯ್ಕೆ ಇದೇ. ನಿಮ್ಮ ಚಿಕ್ಕಪ್ಪನ ಮಗನಿಗೆ ಮಾಡಿದ್ದೂ ಅದನ್ನೇ.

ಇದರಲ್ಲಿ ಒಂದು ಹಳೆಯ ಜಗಳ ಇದೆ. ರಾಡ್ ಇಳಿಸುವ ಮೊದಲು ಕೊಳವೆಯನ್ನು ಕೊರೆದು ಅಗಲ ಮಾಡಬೇಕೋ ಬೇಡವೋ ಅಂತ. ಕೊರೆದರೆ ದಪ್ಪ ರಾಡ್ ಹಿಡಿಸುತ್ತದೆ, ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಮಜ್ಜೆಯ ಕಡೆಯ ರಕ್ತ ಇನ್ನಷ್ಟು ಕೆಡುತ್ತದೆ. ಹೊರಗಿನ ನಲ್ಲಿ ಮೊದಲೇ ಬಂದ್ ಆಗಿರುವಾಗ ಒಳಗಿನದನ್ನೂ ನಾವೇ ಮುಚ್ಚಿದ ಹಾಗಾಗುತ್ತದಲ್ಲ ಅಂತ ಹೆದರಿಕೆ. 2008ರಲ್ಲಿ ಸ್ಪ್ರಿಂಟ್ ಅನ್ನುವ ದೊಡ್ಡ ಅಧ್ಯಯನದ ಫಲಿತಾಂಶ ಬಂತು. 1226 ರೋಗಿಗಳ ಲೆಕ್ಕ. ಚರ್ಮ ಸೀಳದ ಮುರಿತಗಳಲ್ಲಿ ಕೊರೆದು ಹಾಕಿದ್ದು ಮೇಲಾಯಿತು. ಚರ್ಮ ಸೀಳಿದವುಗಳಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ನಿಮ್ಮ ಡಾಕ್ಟರು ಕೊರೆದು ಹಾಕುತ್ತೇನೆ ಅಂದರೂ ಸರಿ, ಕೊರೆಯದೆ ಹಾಕುತ್ತೇನೆ ಅಂದರೂ ಸರಿ. ನಾನಂತೂ ಸ್ವಲ್ಪವೇ ಕೊರೆದು, ಸಲೀಸಾಗಿ ಹಿಡಿಸುವ ರಾಡ್ ಹಾಕುತ್ತೇನೆ.

ರಾಡ್‌ಗೆ ಅದರದ್ದೇ ತೊಂದರೆಗಳೂ ಇವೆ. ಮಂಡಿಯ ಮುಂಭಾಗದ ನೋವು ತುಂಬಾ ಜನರಿಗೆ ಉಳಿಯುತ್ತದೆ. ನೆಲಕ್ಕೆ ಮಂಡಿ ಊರಿ ಕೂರುವುದು ಕಷ್ಟವಾಗುತ್ತದೆ. ಇದನ್ನು ಆಪರೇಷನ್‌ಗೆ ಮೊದಲೇ ಹೇಳುವ ಡಾಕ್ಟರು ಕಡಿಮೆ. ಮೂಳೆಯ ಮೇಲ್ತುದಿ ಹತ್ತಿರ ಮುರಿದಿದ್ದರೆ ಅಲ್ಲಿ ಕೊಳವೆ ಅಗಲ, ರಾಡ್ ತೆಳು. ಬಾವಿಯಲ್ಲಿ ಹಗ್ಗ ಆಡಿದ ಹಾಗೆ ಆಡುತ್ತದೆ, ಮೂಳೆ ವಾಲುತ್ತದೆ. ಪಕ್ಕದಲ್ಲಿ ತಡೆ ಸ್ಕ್ರೂ ಹಾಕಿ ದಾರಿ ಇಕ್ಕಟ್ಟು ಮಾಡಬೇಕಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಭಯ ಅಂದರೆ, ರಾಡ್‌ಗೆ ಕೀವು ಹಿಡಿದರೆ ಅದು ಮುರಿದ ಜಾಗದಲ್ಲಷ್ಟೇ ಉಳಿಯುವುದಿಲ್ಲ. ಮಂಡಿಯಿಂದ ಹಿಮ್ಮಡಿವರೆಗೆ ಇಡೀ ಕೊಳವೆಗೆ ಹರಡಬಹುದು. ಲೋಹದ ಮೈಗೆ ಅಂಟಿಕೊಂಡ ಕ್ರಿಮಿಗಳು ತಮ್ಮ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಆಮೇಲೆ ಆಂಟಿಬಯೋಟಿಕ್ ಒಂದರಿಂದಲೇ ಅವು ಹೋಗುವುದಿಲ್ಲ.

ಹೊರಗಿನ ಕಂಬಿ, ಅಂದರೆ ಎಕ್ಸ್‌ಟರ್ನಲ್ ಫಿಕ್ಸೇಟರ್, ಇಲ್ಲೇ ಉಪಯೋಗಕ್ಕೆ ಬರುವುದು. ಮುರಿದ ಜಾಗದಿಂದ ದೂರದಲ್ಲಿ, ಗಟ್ಟಿ ಮೂಳೆಗೆ ಪಿನ್ ಹಾಕಿ, ಹೊರಗೆ ಕಂಬಿಯಿಂದ ಜೋಡಿಸುತ್ತೇವೆ. ಗಾಯದ ಹತ್ತಿರ ಒಂದು ಚೂರು ಲೋಹವೂ ಇಲ್ಲ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಮೈಯೆಲ್ಲ ಪೆಟ್ಟಾಗಿ ಬಿಪಿ ಇಳಿದವರಿಗೆ, ರಕ್ತನಾಳ ಹೊಲಿಯಲು ಕಾಯುತ್ತಿರುವ ಕಾಲಿಗೆ, ಮಣ್ಣು ಗೊಬ್ಬರ ಮೆತ್ತಿದ ಗಾಯಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ.

ಹಾಗಾದರೆ ಇದನ್ನೇ ಕೊನೆಯವರೆಗೂ ಬಿಡಬಾರದಾ? ಬಿಡಬಹುದು, ಮೊದಲೆಲ್ಲ ಬಿಡುತ್ತಿದ್ದರು. ಆದರೆ ಒಂದೇ ಬದಿಯ ಸಾದಾ ಕಂಬಿಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಪಿನ್ ಸಡಿಲವಾಗುತ್ತದೆ, ಪಿನ್ ಬುಡದಲ್ಲಿ ಕೀವಾಗುತ್ತದೆ, ಮೂಳೆ ಸೊಟ್ಟ ಕೂಡುತ್ತದೆ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ 174 ಮುರಿತಗಳಿಗೆ ಕೆಲವರಿಗೆ ಕೊರೆಯದ ರಾಡ್, ಕೆಲವರಿಗೆ ಹೊರಗಿನ ಕಂಬಿ ಹಾಕಿ ನೋಡಿದರು. ರಾಡ್‌ನವರಲ್ಲಿ ಮೂಳೆ ನೆಟ್ಟಗೆ ಕೂಡಿತು, ಮತ್ತೆ ಮತ್ತೆ ಮಾಡುವ ಆಪರೇಷನ್‌ಗಳೂ ಕಡಿಮೆಯಾದವು. ಅಷ್ಟರ ಮಟ್ಟಿಗೆ ರಾಡ್ ಗೆದ್ದಿತು. ಆದರೆ ಮೂಳೆ ಎಷ್ಟು ಬೇಗ ಕೂಡುತ್ತದೆ, ಗಾಯಕ್ಕೆ ಕೀವು ಹಿಡಿಯುತ್ತದೋ ಇಲ್ಲವೋ ಅನ್ನುವುದನ್ನು ನಿರ್ಧರಿಸಿದ್ದು ಮಾಂಸಕ್ಕೆ ಬಿದ್ದ ಪೆಟ್ಟು. ಯಾವ ಲೋಹ ಅನ್ನುವುದು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ಈ ವಿಷಯದಲ್ಲಿ ನಾನು ಓದಿದ್ದರಲ್ಲಿ ಮನಸ್ಸಿಗೆ ತಾಗಿದ ಮಾತು ಇದೇ. ಎಷ್ಟೋ ಸಲ ಥಿಯೇಟರ್‌ನಲ್ಲಿ ನೆನಪಿಸಿಕೊಂಡಿದ್ದೇನೆ.

ಹೊರಗಿನ ಕಂಬಿಯ ದೊಡ್ಡಣ್ಣ ಇನ್ನೊಂದು ಇದೆ, ಸುತ್ತ ಉಂಗುರಗಳಿರುವ ಇಲಿಜಾರೋವ್. ಸೈಬೀರಿಯಾದ ಕುರ್ಗಾನ್ ಊರಿನಲ್ಲಿ ಗವ್ರೀಲ್ ಇಲಿಜಾರೋವ್ 1950ರ ದಶಕದಲ್ಲಿ ರೂಪಿಸಿದ್ದು. ಮೂಳೆಯ ಒಂದು ತುಂಡೇ ಹೋಗಿಬಿಟ್ಟಿದ್ದರೆ ಇದು ಪವಾಡ ಮಾಡುತ್ತದೆ. ಬೇರೆ ಕಡೆ ಮೂಳೆಯನ್ನು ಕತ್ತರಿಸಿ, ದಿನಕ್ಕೆ 1 ಮಿಲಿಮೀಟರ್‌ನಂತೆ, ಅದನ್ನೂ ನಾಲ್ಕು ಕಂತಿನಲ್ಲಿ, ಎಳೆಯುತ್ತಾ ಹೋದರೆ ನಡುವೆ ಹೊಸ ಮೂಳೆ ಹುಟ್ಟುತ್ತದೆ. ಆದರೆ ತಿಂಗಳುಗಟ್ಟಲೆ ಆ ಪಂಜರ ಹೊತ್ತು ಮಲಗಬೇಕು, ಪ್ಯಾಂಟ್ ಹಾಕಲಾಗುವುದಿಲ್ಲ, ಪಿನ್ ಪಕ್ಕ ಒಂದಲ್ಲ ಒಂದು ಕಿರಿಕಿರಿ ಇದ್ದೇ ಇರುತ್ತದೆ. ಮೂಳೆ ಕಳೆದುಹೋಗಿಲ್ಲದಿದ್ದರೆ ಸುಮ್ನೆ ಅದನ್ನು ಯಾರಿಗೂ ಹಾಕುವುದಿಲ್ಲ.

ಈಗ ಮೊದಲ ರಾತ್ರಿ ನಿಮ್ಮ ತಮ್ಮನಿಗೆ ಏನು ಮಾಡಿದ್ದರು ಅನ್ನುವುದಕ್ಕೆ ಬರೋಣ. ಮನೆಯವರಿಗೆ ಅದು "ಗಾಯ ತೊಳೆದರು" ಅಂತ ಒಂದೇ ಮಾತಿನಲ್ಲಿ ಮುಗಿಯುತ್ತದೆ. ನಮಗೆ ಇಡೀ ಚಿಕಿತ್ಸೆಯಲ್ಲಿ ಅದೇ ದೊಡ್ಡ ಕೆಲಸ. ಗಾಯವನ್ನು ಇನ್ನೂ ಅಗಲ ಮಾಡಿ, ಮಾಂಸವನ್ನು ಪದರ ಪದರವಾಗಿ ನೋಡುತ್ತೇವೆ. ಬಣ್ಣ ಕೆಂಪಗಿದೆಯೇ? ಮುಟ್ಟಿದರೆ ಗಟ್ಟಿಯಾಗಿದೆಯೇ, ಕೊಳೆತ ಹಣ್ಣಿನಂತೆ ಮೆತ್ತಗಿದೆಯೇ? ಇಕ್ಕಳದಲ್ಲಿ ಚಿವುಟಿದರೆ ಮುದುಡಿಕೊಳ್ಳುತ್ತದೆಯೇ? ಕತ್ತರಿಸಿದರೆ ರಕ್ತ ಜಿನುಗುತ್ತದೆಯೇ? ಇಲ್ಲ ಅಂದರೆ ಅದು ಸತ್ತ ಮಾಂಸ, ತೆಗೆಯಲೇಬೇಕು. ಸಡಿಲ ಮೂಳೆ ಚೂರನ್ನು ಇಕ್ಕಳದಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡುತ್ತೇವೆ. ಸಲೀಸಾಗಿ ಕೈಗೆ ಬಂದುಬಿಟ್ಟರೆ ಅದಕ್ಕೆ ಮಾಂಸದ ನಂಟು ಇಲ್ಲ ಅಂತ ಅರ್ಥ. ಎಷ್ಟೇ ದೊಡ್ಡ ಚೂರಾದರೂ ಹೊರಗೆ. ಉಳಿಸಿಕೊಳ್ಳುವ ಮೂಳೆಯ ತುದಿಯನ್ನು ಕೆರೆದಾಗ ಕುಂಕುಮ ಚಿಮುಕಿಸಿದ ಹಾಗೆ ಸಣ್ಣ ಸಣ್ಣ ರಕ್ತದ ಚುಕ್ಕೆ ಮೂಡಬೇಕು. ಅದು ಕಂಡರೆ ಮೂಳೆಗೆ ಜೀವ ಇದೆ. ಆ ಚುಕ್ಕೆಗಳನ್ನು ನೋಡಿದಾಗ ಆಗುವ ನೆಮ್ಮದಿ ಸಣ್ಣದಲ್ಲ.

ಆಮೇಲೆ ತೊಳೆಯುವುದು. ಲೀಟರ್‌ಗಟ್ಟಲೆ ಸಲೈನ್ ಬೇಕು. ಚಿಕ್ಕ ಗಾಯಕ್ಕೆ 3, ದೊಡ್ಡದಕ್ಕೆ 9 ಲೀಟರ್ ಅನ್ನುವುದು ರೂಢಿ. ಹಿಂದೆ ಪಿಚಕಾರಿಯಂಥ ಯಂತ್ರದಲ್ಲಿ ಜೋರಾಗಿ ಹೊಡೆಯುತ್ತಿದ್ದೆವು. ಸೋಪು ನೀರು ಬೆರೆಸಿದರೆ ಒಳ್ಳೆಯದೇನೋ ಅಂತಲೂ ನಂಬಿದ್ದೆವು. 2015ರಲ್ಲಿ ಫ್ಲೋ ಅನ್ನುವ ಅಧ್ಯಯನ 2400ಕ್ಕೂ ಹೆಚ್ಚು ರೋಗಿಗಳಲ್ಲಿ ಇವೆರಡನ್ನೂ ಪರೀಕ್ಷೆ ಮಾಡಿತು. ಜೋರು ನೀರಿನಿಂದ ಲಾಭವಿಲ್ಲ. ಸೋಪು ಬಳಸಿದವರಲ್ಲಿ ಮತ್ತೆ ಆಪರೇಷನ್ ಮಾಡಬೇಕಾಗಿ ಬಂದದ್ದು 14.8 ಶೇಕಡ, ಬರೀ ಸಲೈನ್‌ನಲ್ಲಿ 11.6 ಶೇಕಡ. ಉಪ್ಪುನೀರನ್ನು ಎತ್ತರದಲ್ಲಿ ತೂಗುಹಾಕಿ ಹರಿಯಬಿಟ್ಟರೆ ಸಾಕು ಅಂತಾಯಿತು.

ಎಷ್ಟು ಗಂಟೆಯೊಳಗೆ ತೊಳೆಯಬೇಕು ಅನ್ನುವ ಬಗ್ಗೆ "ಆರು ಗಂಟೆ" ಅನ್ನುವ ಹಳೆಯ ನಿಯಮ ನೀವೂ ಕೇಳಿರಬಹುದು. ಅದು 1898ರಲ್ಲಿ ಜರ್ಮನಿಯ ಫ್ರೀಡ್ರಿಶ್ ಗಿನಿ ಪಿಗ್‌ಗಳ ಗಾಯಕ್ಕೆ ತೋಟದ ಮಣ್ಣು, ಮೆಟ್ಟಿಲಿನ ಧೂಳು ಹಾಕಿ ಮಾಡಿದ ಪ್ರಯೋಗದಿಂದ ಬಂದದ್ದು. ಮನುಷ್ಯರಲ್ಲಿ ಅಷ್ಟು ಕಟ್ಟುನಿಟ್ಟಾಗಿ ನಿಜವಾಗಿಲ್ಲ. ಈಗಿನ ಬ್ರಿಟಿಷ್ ಮಾರ್ಗಸೂಚಿ ಹೇಳುವುದು ಹೀಗೆ: ಗೊಬ್ಬರ, ಚರಂಡಿ ನೀರು ಸೇರಿದ್ದರೆ ಕೂಡಲೇ, ಜೋರು ಪೆಟ್ಟಿನ ಗಾಯವಾದರೆ 12 ಗಂಟೆಯೊಳಗೆ, ಉಳಿದದ್ದಕ್ಕೆ 24 ಗಂಟೆಯೊಳಗೆ. ನಡುರಾತ್ರಿ ಅನುಭವವಿಲ್ಲದವರು ಅವಸರದಲ್ಲಿ ತೊಳೆಯುವುದಕ್ಕಿಂತ ಬೆಳಿಗ್ಗೆ ಕೈಪಳಗಿದವರು ತೊಳೆದರೆ ಮೇಲು. ಆಂಟಿಬಯೋಟಿಕ್ ಇಂಜೆಕ್ಷನ್ ಮಾತ್ರ ಕಾಯುವ ಹಾಗಿಲ್ಲ. ಪೆಟ್ಟಾದ ಒಂದು ಗಂಟೆಯೊಳಗೆ ಬಿದ್ದರೆ ಒಳ್ಳೆಯದು.

ಗಾಯ ಮುಚ್ಚುವುದಕ್ಕೂ ಗಡಿಯಾರ ಇದೆ. ಇಂಥ ಗಾಯಗಳನ್ನು ಗಸ್ಟಿಲೊ ಮತ್ತು ಆಂಡರ್ಸನ್ 1976ರಲ್ಲಿ ಮೂರು ದರ್ಜೆ ಮಾಡಿದರು. ಗಾಯ 1 ಸೆಂಟಿಮೀಟರ್‌ಗಿಂತ ಚಿಕ್ಕದಾಗಿ, ಶುದ್ಧವಾಗಿದ್ದರೆ ಒಂದನೇ ದರ್ಜೆ. ಅದಕ್ಕಿಂತ ದೊಡ್ಡದಿದ್ದು ಮಾಂಸ ಹೆಚ್ಚು ಹಾಳಾಗಿಲ್ಲದಿದ್ದರೆ ಎರಡನೆಯದು. ಮಾಂಸ ಚಿಂದಿಯಾಗಿದ್ದರೆ ಮೂರನೆಯದು. 1984ರಲ್ಲಿ ಈ ಮೂರನೆಯದನ್ನು ಎ, ಬಿ, ಸಿ ಅಂತ ಒಡೆದರು. ಇದ್ದ ಮಾಂಸದಲ್ಲೇ ಮೂಳೆ ಮುಚ್ಚಬಹುದಾದರೆ ಎ, ಬೇರೆ ಕಡೆಯಿಂದ ಮಾಂಸ ತರಬೇಕಾದರೆ ಬಿ, ರಕ್ತನಾಳ ಹೊಲಿಯಬೇಕಾದರೆ ಸಿ. ನಿಮ್ಮ ತಮ್ಮನದು ಮೂರು-ಬಿ ಇರಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುತ್ತಾರೆ, ನೋಡಿ. ಚಿಕ್ಕಪ್ಪನ ಮಗನದು ಬಹುಶಃ ಒಂದು ಅಥವಾ ಎರಡು. ಮೂಳೆ ಅದೇ, ಎಕ್ಸ್‌ರೇನೂ ಒಂದೇ ಥರ ಕಾಣಬಹುದು, ಆದರೆ ಕಾಯಿಲೆ ಬೇರೆ. ಅವರಿಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡುವುದರಲ್ಲೇ ಎಡವಟ್ಟು ಆಗಿದೆ.

ಮೂರು-ಬಿ ಗಾಯವನ್ನು 72 ಗಂಟೆಯೊಳಗೆ ಜೀವಂತ ಮಾಂಸದಿಂದ ಮುಚ್ಚಿದರೆ ಕೀವು ಕಡಿಮೆ ಅಂತ 1986ರಲ್ಲಿ ಗೋಡಿನಾ ತೋರಿಸಿದರು. ಮೂರನೇ ದಿನವೇ ಮುಚ್ಚಿದ್ದಾರೆ ಅಂದರೆ ನಿಮ್ಮ ಡಾಕ್ಟರುಗಳು ಆ ಗಡಿಯಾರ ನೋಡಿಕೊಂಡೇ ಕೆಲಸ ಮಾಡಿದ್ದಾರೆ. ಮೂಳೆ ಮತ್ತು ಪ್ಲಾಸ್ಟಿಕ್ ಸರ್ಜನ್ ಇಬ್ಬರೂ ಮೊದಲ ದಿನದಿಂದ ಜೊತೆಗೆ ಸಿಗುವುದು ಎಲ್ಲ ಕಡೆ ಆಗುವ ಮಾತಲ್ಲ. ತಿರುಗಿಸಿ ತಂದ ಮಾಂಸ ಬರೀ ಮುಚ್ಚಳ ಅಲ್ಲ, ಒಣಗಿದ ಮೂಳೆಗೆ ಹೊಸ ರಕ್ತವನ್ನೂ ತರುತ್ತದೆ.

ಇಂಥ ಗಾಯಕ್ಕೂ ಮೊದಲ ದಿನವೇ ರಾಡ್ ಹಾಕುವ ಸರ್ಜನ್‌ಗಳಿದ್ದಾರೆ, ಅದೂ ತಪ್ಪಲ್ಲ. ಗಾಯ ಪೂರ್ತಿ ಶುದ್ಧವಾಗಿದೆ ಅಂತ ಖಾತ್ರಿಯಿದ್ದು, ಅವತ್ತೇ ಅಥವಾ ಒಂದೆರಡು ದಿನದಲ್ಲಿ ಮಾಂಸ ಮುಚ್ಚುವ ವ್ಯವಸ್ಥೆ ಇದ್ದರೆ ನಾನೂ ಹಾಕುತ್ತೇನೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಕಂಬಿ ಹಾಕಿ ಕಾಯುತ್ತೇನೆ. ಕಂಬಿಯನ್ನು ನಾಳೆ ಬೇಕಾದರೆ ತೆಗೆಯಬಹುದು. ಕೀವಿನ ಮೇಲೆ ಕೂರಿಸಿದ ರಾಡ್‌ನ ಕಥೆ ಹಾಗಲ್ಲ.

ನಡಿಗೆಯ ವಿಷಯದಲ್ಲಿ ಹೋಲಿಕೆ ಈಗಲೇ ಬಿಡಿ. ಚರ್ಮ ಸೀಳದ ಟಿಬಿಯಾ ಕೂಡಲು ನಾಲ್ಕೈದು ತಿಂಗಳು ಸಾಮಾನ್ಯ. ಇಂಥದ್ದಕ್ಕೆ ಏಳೆಂಟು ತಿಂಗಳು, ಕೆಲವೊಮ್ಮೆ ವರ್ಷವೂ ಆಗಬಹುದು. ನಡುವೆ ಸೊಂಟದಿಂದ ಮೂಳೆ ಪುಡಿ ತೆಗೆದು ಹಾಕುವ ಅಥವಾ ರಾಡ್ ಬದಲಿಸುವ ಇನ್ನೊಂದು ಆಪರೇಷನ್ ಬಂದರೆ ಮೊದಲಿನದು ಕೆಟ್ಟಿತು ಅಂತ ತಿಳಿಯಬೇಡಿ. ಮೂರು-ಬಿ ಗಾಯದಲ್ಲಿ ಅದು ಅಪರೂಪವಲ್ಲ. ನಿಮ್ಮ ತಮ್ಮ ಸಿಗರೇಟು ಸೇದುತ್ತಿದ್ದರೆ ಇವತ್ತೇ ಬಿಡಿಸಿ. ಕಾಲಿನ ಗಂಭೀರ ಗಾಯಗಳ ಲೀಪ್ ಅಧ್ಯಯನದಲ್ಲಿ ಸೇದುವವರಿಗೆ ಮೂಳೆ ಕೀವು ಹಿಡಿಯುವುದು, ಕೂಡದೇ ಉಳಿಯುವುದು ಎರಡೂ ಜಾಸ್ತಿ ಕಂಡಿತ್ತು. ನಾವು ಯಾವ ರಾಡ್ ಹಾಕುತ್ತೇವೆ ಅನ್ನುವುದಕ್ಕಿಂತ ಇದರಿಂದ ಆಗುವ ವ್ಯತ್ಯಾಸ ದೊಡ್ಡದು.

ಮುಂದಿನ ವಾರದ ಬಗ್ಗೆ ಒಂದು ಮಾತು. ಕಂಬಿ ತೆಗೆದು ರಾಡ್ ಹಾಕುವುದಾದರೆ ಎರಡು ವಾರದೊಳಗೆ ಮಾಡುವುದು ಒಳ್ಳೆಯದು. ದಿನ ಕಳೆದಂತೆ ಪಿನ್ ತೂತುಗಳಲ್ಲಿ ಕ್ರಿಮಿ ಮನೆ ಮಾಡುತ್ತವೆ. ಆ ತೂತು ನೇರವಾಗಿ ಮಜ್ಜೆಯ ಕೊಳವೆಗೇ ಹೋಗುತ್ತದೆ, ರಾಡ್ ಇಳಿಯುವುದೂ ಅದೇ ಕೊಳವೆಯಲ್ಲಿ. ಹಾಗಾಗಿ ದಿನಾ ಡ್ರೆಸ್ಸಿಂಗ್ ಮಾಡುವಾಗ ಪ್ರತಿಯೊಂದು ಪಿನ್ ಬುಡವನ್ನೂ ನೀವೇ ಬಗ್ಗಿ ನೋಡಿ. ತಿಳಿ ನೀರು ಒಂಚೂರು ಜಿನುಗಿದರೆ ಗಾಬರಿ ಬೇಡ. ಸುತ್ತ ಕೆಂಪಾಗಿ, ಒತ್ತಿದರೆ ನೋವಾಗಿ, ಹಳದಿ ಕೀವು ಕಂಡರೆ ಡ್ಯೂಟಿ ಡಾಕ್ಟರಿಗೆ ಹೇಳಿ ಸುಮ್ಮನಾಗಬೇಡಿ. ಆಪರೇಷನ್ ಮಾಡುವ ಸರ್ಜನ್‌ಗೇ ತೋರಿಸಿ. ಆಗ ಅವರು ಕಂಬಿ ತೆಗೆದು, ತೂತು ಕೆರೆದು ತೊಳೆದು, ಕೆಲವು ದಿನ ಪಟ್ಟಿ ಕಟ್ಟಿ ಕಾದು, ಆಮೇಲೆ ರಾಡ್ ಹಾಕಬಹುದು. ಅಥವಾ ರಾಡ್ ಬೇಡ, ಉಂಗುರದ ಕಂಬಿಯಲ್ಲೇ ಮುಗಿಸೋಣ ಅನ್ನಬಹುದು.